ಕೊರಿಯಾ ಯುದ್ಧ ಇನ್ನೂ ಮುಗಿದಿಲ್ಲ ಅಂದರೆ ಏನರ್ಥ?

2024ರ ಜನವರಿ 15ರಂದು ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ತಮ್ಮ ದೇಶದ ಸಂಸತ್ತಿನಲ್ಲಿ ಹೊಸ ಮಾತೊಂದನ್ನು ಹೇಳಿದರು. ದಕ್ಷಿಣ ಕೊರಿಯಾದೊಂದಿಗೆ ಒಂದಾಗುವ ಗುರಿಯನ್ನೇ ಕೈಬಿಡಬೇಕು, ಸಂವಿಧಾನದಲ್ಲಿ ಆ ದೇಶವನ್ನು ಪ್ರಧಾನ ಶತ್ರು ಎಂದು ಬರೆಯಬೇಕು ಎಂದರು. ಅದೇ ತಿಂಗಳು ಪ್ಯಾಂಗ್ಯಾಂಗ್‌ನಲ್ಲಿದ್ದ ಏಕೀಕರಣದ ಕಮಾನನ್ನು ಕೆಡವಲಾಯಿತು. ಜೂನ್‌ನಲ್ಲಿ ಪುಟಿನ್ ಅಲ್ಲಿಗೆ ಹೋಗಿ ಪರಸ್ಪರ ಸೇನಾ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದರು. ಅಕ್ಟೋಬರ್ 15ರಂದು ದಕ್ಷಿಣಕ್ಕೆ ಹೋಗುವ ರಸ್ತೆಗಳನ್ನು ಉತ್ತರದ ಸೇನೆಯೇ ಸ್ಫೋಟಿಸಿತು. ಆಮೇಲೆ ಉತ್ತರ ಕೊರಿಯಾದ ಸೈನಿಕರು ರಷ್ಯಾ ಪರವಾಗಿ ಯುದ್ಧಕ್ಕೆ ಇಳಿದರು.

ಇಂಥ ಪ್ರತಿ ಸುದ್ದಿಯ ಕೊನೆಗೂ ಒಂದು ವಾಕ್ಯ ಅಂಟಿಕೊಂಡಿರುತ್ತದೆ: 'ಎರಡೂ ಕೊರಿಯಾಗಳು ತಾಂತ್ರಿಕವಾಗಿ ಈಗಲೂ ಯುದ್ಧದಲ್ಲಿವೆ.' ಓದುಗರಿಗೆ ಗೊಂದಲ ಶುರುವಾಗುವುದು ಅಲ್ಲೇ. ಈಗಾಗಲೇ ಯುದ್ಧದಲ್ಲಿದ್ದರೆ ಶತ್ರು ಎಂದು ಹೊಸದಾಗಿ ಘೋಷಿಸುವುದೇಕೆ? 70 ವರ್ಷಗಳಿಂದ ದೊಡ್ಡ ಯುದ್ಧವೇ ನಡೆದಿಲ್ಲವೆಂದಾದರೆ ಕೂತು ಒಂದು ಶಾಂತಿ ಒಪ್ಪಂದಕ್ಕೆ ಸಹಿ ಹಾಕಲು ಏನು ಕಷ್ಟ?

ಕಷ್ಟ ಇರುವುದು 1953ರ ಜುಲೈ 27ರಂದು ಸಹಿಯಾದ ಕದನವಿರಾಮದ ಕಾಗದದಲ್ಲಿ. ಅಂದು ತೀರ್ಮಾನವಾಗದ್ದನ್ನೆಲ್ಲ ಮುಂದೆ ನೋಡೋಣ ಎಂದು ಖಾಲಿ ಬಿಟ್ಟಿದ್ದರಿಂದಲೇ ಗುಂಡಿನ ಸದ್ದು ನಿಂತಿತು. ಇಂದಿನ ಕೊರಿಯಾ ಸುದ್ದಿಗಳಲ್ಲಿ ಬಹುಪಾಲು ಆ ಖಾಲಿ ಜಾಗಗಳಿಂದಲೇ ಹುಟ್ಟುತ್ತಿವೆ.

ಅರ್ಧ ಗಂಟೆಯಲ್ಲಿ ಎಳೆದ ಗೆರೆ

1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತು. 1945ರ ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಜಪಾನಿನ ಮೇಲೆ ಯುದ್ಧ ಸಾರಿತು, ಅದರ ಸೇನೆ ಕೊರಿಯಾದೊಳಕ್ಕೆ ನುಗ್ಗತೊಡಗಿತು. ಆಗ ಅಮೆರಿಕದ ಒಬ್ಬ ಸೈನಿಕನೂ ಆ ನೆಲದಲ್ಲಿರಲಿಲ್ಲ. ಆಗಸ್ಟ್ 10ರ ನಡುರಾತ್ರಿ ವಾಷಿಂಗ್ಟನ್‌ನಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳಿಗೆ ಕೊರಿಯಾವನ್ನು ಎಲ್ಲಿ ಪಾಲು ಮಾಡಬಹುದು ಎಂದು ಸೂಚಿಸಲು ಹೇಳಲಾಯಿತು. ಕೈಗೆ ಸಿಕ್ಕಿದ್ದು ಒಂದು ನಿಯತಕಾಲಿಕದ ಭೂಪಟ, ಇದ್ದದ್ದು ಅರ್ಧ ಗಂಟೆ. ರಾಜಧಾನಿ ಸೋಲ್ ತಮ್ಮ ಪಾಲಿಗೆ ಬರಲಿ ಎಂದು ಅವರು 38ನೇ ಅಕ್ಷಾಂಶವನ್ನು ಆರಿಸಿದರು. ಸ್ಟಾಲಿನ್ ತಕರಾರಿಲ್ಲದೆ ಒಪ್ಪಿದರು.

ಜಪಾನಿ ಸೈನಿಕರ ಶರಣಾಗತಿಯನ್ನು ಯಾರು ಎಲ್ಲಿ ಪಡೆಯಬೇಕು ಎಂಬುದಕ್ಕಷ್ಟೇ ಆ ಗೆರೆ. ಅದು ಗಡಿಯಾಗಿದ್ದು ಆಮೇಲೆ. ಐದು ವರ್ಷದವರೆಗಿನ ಜಂಟಿ ಪಾಲನೆಯ ಬಳಿಕ ಸ್ವತಂತ್ರ ಕೊರಿಯಾ ಎಂದು 1945ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ತೀರ್ಮಾನವಾಗಿತ್ತು. ಆದರೆ ಯಾವ ಕೊರಿಯನ್ ಪಕ್ಷಗಳನ್ನು ಮಾತಿಗೆ ಕರೆಯಬೇಕು ಎಂಬಲ್ಲೇ ಎರಡು ಶಕ್ತಿಗಳ ಜಂಟಿ ಆಯೋಗ ಮುರಿದುಬಿತ್ತು. 1947ರಲ್ಲಿ ಅಮೆರಿಕ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ಚುನಾವಣೆ ನಡೆಸಲು ಭಾರತದ ಕೆ.ಪಿ.ಎಸ್. ಮೆನನ್ ಅಧ್ಯಕ್ಷತೆಯ ಆಯೋಗ ಹೋಯಿತು. ಉತ್ತರದೊಳಕ್ಕೆ ಅದನ್ನು ಬಿಡಲಿಲ್ಲ. ಹಾಗಾಗಿ 1948ರ ಮೇ 10ರಂದು ದಕ್ಷಿಣದಲ್ಲಿ ಮಾತ್ರ ಮತದಾನ ನಡೆಯಿತು. ನಾಲ್ಕೇ ದಿನಕ್ಕೆ ಉತ್ತರ, ದಕ್ಷಿಣಕ್ಕೆ ಕೊಡುತ್ತಿದ್ದ ವಿದ್ಯುತ್ತನ್ನು ಕಡಿತಗೊಳಿಸಿತು. ಆಗಸ್ಟ್ 15ರಂದು ಸೋಲ್‌ನಲ್ಲಿ ಸಿಂಗ್‌ಮನ್ ರೀ ಸರ್ಕಾರ, ಸೆಪ್ಟೆಂಬರ್ 9ರಂದು ಪ್ಯಾಂಗ್ಯಾಂಗ್‌ನಲ್ಲಿ ಈಗಿನ ಕಿಮ್ ಅವರ ಅಜ್ಜ ಕಿಮ್ ಇಲ್ ಸುಂಗ್ ಸರ್ಕಾರ.

ಎರಡೂ ಇಡೀ ಕೊರಿಯಾ ತನ್ನದೇ ಎಂದವು. ಹಾಗಾಗಿ ಇಬ್ಬರ ಲೆಕ್ಕದಲ್ಲೂ 38ನೇ ಅಕ್ಷಾಂಶ ಅಂತರರಾಷ್ಟ್ರೀಯ ಗಡಿಯೇ ಅಲ್ಲ, ಅದನ್ನು ದಾಟುವುದು ಪರದೇಶದ ಮೇಲಿನ ದಾಳಿಯೂ ಅಲ್ಲ. ಇದನ್ನು ನೆನಪಿಟ್ಟುಕೊಂಡರೆ 1950 ಮಾತ್ರವಲ್ಲ, 2024 ಕೂಡ ಅರ್ಥವಾಗುತ್ತದೆ.

ಸ್ಟಾಲಿನ್ ಮೊದಲು ಬೇಡವೆಂದದ್ದು, ಆಮೇಲೆ ಒಪ್ಪಿದ್ದು

ಅದೇ ಹೊತ್ತಿಗೆ ಯೂರೋಪಿನಲ್ಲಿ ಪಾಳಯಗಳು ಗಟ್ಟಿಯಾಗುತ್ತಿದ್ದವು. 1947ರ ಮಾರ್ಚ್‌ನಲ್ಲಿ ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ಕೇಳುತ್ತಾ ಅಮೆರಿಕದ ಅಧ್ಯಕ್ಷ ಟ್ರೂಮನ್, ಕಮ್ಯುನಿಸಂ ಹರಡದಂತೆ ತಡೆಯುವುದು ಅಮೆರಿಕದ ನೀತಿ ಎಂದು ಸಾರಿದ್ದರು. 1948ರ ಜೂನ್‌ನಿಂದ ಸುಮಾರು 11 ತಿಂಗಳು ಬರ್ಲಿನ್ ದಿಗ್ಬಂಧನ, 1949ರ ಏಪ್ರಿಲ್‌ನಲ್ಲಿ ನ್ಯಾಟೊ. ಈ ಲೆಕ್ಕದಲ್ಲೆಲ್ಲ ಕೊರಿಯಾ ತೀರಾ ಕೆಳಗಿತ್ತು. 1949ರ ಜೂನ್ ಹೊತ್ತಿಗೆ ಅಮೆರಿಕ ಸುಮಾರು 500 ಸಲಹೆಗಾರರನ್ನು ಬಿಟ್ಟು ದಕ್ಷಿಣದಿಂದ ತನ್ನ ಸೇನೆಯನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ದಕ್ಷಿಣದ ಮೇಲೆ ದಾಳಿಗೆ ಕಿಮ್ ಇಲ್ ಸುಂಗ್ 1949ರಲ್ಲೇ ಅನುಮತಿ ಕೇಳಿದ್ದರು. ಸ್ಟಾಲಿನ್ ಒಪ್ಪಿರಲಿಲ್ಲ. ಒಂದೇ ವರ್ಷದಲ್ಲಿ ಮನಸ್ಸು ಬದಲಾಗಲು ಕಾರಣಗಳಿದ್ದವು. 1949ರ ಆಗಸ್ಟ್ 29ರಂದು ಸೋವಿಯತ್ ಅಣುಬಾಂಬ್ ಪರೀಕ್ಷೆ ಯಶಸ್ವಿಯಾಯಿತು, ಅಕ್ಟೋಬರ್ 1ರಂದು ಚೀನಾ ಕಮ್ಯುನಿಸ್ಟ್ ನಾಯಕ ಮಾವೊ ಕೈಗೆ ಬಂತು. 1950ರ ಜನವರಿ 12ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಪೆಸಿಫಿಕ್‌ನಲ್ಲಿ ತಮ್ಮ ರಕ್ಷಣಾ ಸಾಲು ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ವಿವರಿಸಿದಾಗ ಕೊರಿಯಾ ಅದರೊಳಗಿರಲಿಲ್ಲ. ಈ ಭಾಷಣವೇ ಯುದ್ಧಕ್ಕೆ ದಾರಿ ಮಾಡಿತು ಎಂಬುದು ಉತ್ಪ್ರೇಕ್ಷೆ. ಚೀನಾದಲ್ಲಿ ಮಾವೊ ಗೆದ್ದಾಗ ಅಮೆರಿಕ ಸುಮ್ಮನಿದ್ದದ್ದೇ ಸ್ಟಾಲಿನ್‌ಗೆ ಹೆಚ್ಚಿನ ಧೈರ್ಯ ಕೊಟ್ಟಿರಬೇಕು. ಆದರೂ ಅವರು ಒಂದು ಷರತ್ತು ಹಾಕಿದರು: ಮಾವೊ ಕೂಡ ಒಪ್ಪಬೇಕು. ಗೆದ್ದರೆ ಲಾಭ ಹಂಚಿಕೆ, ಸೋತರೆ ಹೊರೆ ಚೀನಾದ್ದು. ಕಿಮ್ ಮೇ ತಿಂಗಳಲ್ಲಿ ಬೀಜಿಂಗ್‌ಗೆ ಹೋಗಿ ಆ ಒಪ್ಪಿಗೆಯನ್ನೂ ತಂದರು.

ಖಾಲಿ ಕುರ್ಚಿಯ ದೆಸೆಯಿಂದ ಬಂದ ಧ್ವಜ

1950ರ ಜೂನ್ 25ರಂದು ಉತ್ತರದ ಸೇನೆ ಗೆರೆ ದಾಟಿತು. ಮೂರು ದಿನದಲ್ಲಿ ಸೋಲ್ ಬಿತ್ತು. ಚೀನಾದ ಪೀಠ ಇನ್ನೂ ತೈವಾನಿನ ಚಿಯಾಂಗ್ ಕೈ ಷೆಕ್ ಸರ್ಕಾರದ ಕೈಯಲ್ಲಿದೆ ಎಂದು ಪ್ರತಿಭಟಿಸಿ ಸೋವಿಯತ್ ಪ್ರತಿನಿಧಿ ಜನವರಿಯಿಂದ ಭದ್ರತಾ ಮಂಡಳಿಗೆ ಬರುತ್ತಿರಲಿಲ್ಲ. ವಿಟೊ ಹಾಕುವವರೇ ಇಲ್ಲದ ಕಾರಣ ನಿರ್ಣಯಗಳು ಒಂದರ ಹಿಂದೊಂದು ಪಾಸಾದವು. ಆ ತಿಂಗಳು ಮಂಡಳಿಯ ಅಧ್ಯಕ್ಷರಾಗಿದ್ದವರು ಭಾರತದ ಪ್ರತಿನಿಧಿ, ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್. ದಾಳಿಯನ್ನು ಖಂಡಿಸಿದ ಮೊದಲ ನಿರ್ಣಯಕ್ಕೆ ಭಾರತ ಮತ ಹಾಕಿತು. ದಕ್ಷಿಣಕ್ಕೆ ನೆರವು ಕೊಡಿ ಎಂದ ಎರಡನೆಯದನ್ನು ದೆಹಲಿ ಎರಡು ದಿನ ತಡವಾಗಿ ಒಪ್ಪಿಕೊಂಡಿತು. ಜುಲೈ 7ರ ಮೂರನೆಯ ನಿರ್ಣಯಕ್ಕೆ ತಟಸ್ಥವಾಗುಳಿಯಿತು. ಅಮೆರಿಕದ ಜನರಲ್ ಒಬ್ಬರ ಕೆಳಗೆ ವಿಶ್ವಸಂಸ್ಥೆಯ ಧ್ವಜ ಹಿಡಿದು ಹೋರಾಡುವ ಒಂದೇ ಸೇನಾ ಕಮಾಂಡ್ ರಚಿಸುವ ನಿರ್ಣಯ ಅದು. ಭಾರತ ಕಳಿಸಿದ್ದು ಸೈನಿಕರನ್ನಲ್ಲ, 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ದಳವನ್ನು.

'ವಿಶ್ವಸಂಸ್ಥೆ ಕಮಾಂಡ್' ಎಂಬ ಆ ಹೆಸರು ಇವತ್ತಿಗೂ ಇದೆ. ಆದರೆ ಅದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಅಲ್ಲ, ಅದಕ್ಕೆ ಆದೇಶ ಬರುವುದು ವಾಷಿಂಗ್ಟನ್‌ನಿಂದ. ಗಡಿವಲಯದೊಳಗೆ ಯಾರನ್ನು ಬಿಡಬೇಕು ಎಂಬ ತೀರ್ಮಾನ ದಕ್ಷಿಣದ ಕಡೆಯಿಂದ ಈಗಲೂ ಅದರದೇ.

ಯುದ್ಧದ ಏರಿಳಿತವನ್ನು ಚುಟುಕಾಗಿ ಹೇಳಬಹುದು. ಸೆಪ್ಟೆಂಬರ್ 15ರಂದು ಆ ಕಮಾಂಡ್‌ನ ಮುಖ್ಯಸ್ಥ ಜನರಲ್ ಮೆಕಾರ್ಥರ್ ಸೋಲ್ ಬಳಿಯ ಬಂದರು ಇಂಚಾನ್‌ನಲ್ಲಿ ಸೇನೆ ಇಳಿಸಿದ ಮೇಲೆ ಉತ್ತರದ ಸೇನೆ ಚದುರಿತು. ಅಲ್ಲಿಗೆ ನಿಲ್ಲಬಹುದಿತ್ತು. ಅಮೆರಿಕ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದು ಅದರ ಪ್ರಧಾನಿ ಚೌ ಎನ್‌ಲೈ ಅಕ್ಟೋಬರ್ ಆರಂಭದ ಒಂದು ನಡುರಾತ್ರಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ ಹೇಳಿದರು. ದೆಹಲಿ ಆ ಎಚ್ಚರಿಕೆಯನ್ನು ತಲುಪಿಸಿತು. ವಾಷಿಂಗ್ಟನ್ ಅದನ್ನು ಬೆದರಿಕೆಯ ಮಾತೆಂದು ತಳ್ಳಿಹಾಕಿತು. ಅಕ್ಟೋಬರ್ 19ರಿಂದ ಚೀನಾದ ಪಡೆಗಳು ಗಡಿಯ ಯಾಲು ನದಿ ದಾಟತೊಡಗಿದವು. 1951ರ ಜನವರಿಯಲ್ಲಿ ಸೋಲ್ ಮತ್ತೆ ಬಿತ್ತು, ಮಾರ್ಚ್‌ನಲ್ಲಿ ಮತ್ತೆ ಕೈ ಬದಲಾಯಿಸಿತು. ಬೇಸಿಗೆಯ ಹೊತ್ತಿಗೆ ಯುದ್ಧ ಶುರುವಾದ ಜಾಗದ ಆಸುಪಾಸಿನಲ್ಲೇ ಎರಡೂ ಸೇನೆಗಳು ಕಂದಕ ತೋಡಿ ಕೂತಿದ್ದವು.

ಎರಡು ವರ್ಷ ತಡೆದದ್ದು ಕೈದಿಗಳ ಪ್ರಶ್ನೆ

1951ರ ಜುಲೈ 10ರಂದು ಮಾತುಕತೆ ಶುರುವಾಯಿತು. ಗೆರೆ ಎಲ್ಲಿ ಎಂಬುದು ಬೇಗ ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಯುದ್ಧಕೈದಿಗಳ ವಿಷಯ.

1949ರ ಜಿನೀವಾ ಒಪ್ಪಂದದ 118ನೇ ವಿಧಿ ಸರಳವಾಗಿದೆ: ಕಾದಾಟ ನಿಂತೊಡನೆ ಕೈದಿಗಳನ್ನು ತಡಮಾಡದೆ ಅವರ ದೇಶಕ್ಕೆ ಕಳಿಸಬೇಕು. ಚೀನಾ ಮತ್ತು ಉತ್ತರ ಕೊರಿಯಾ ಹಿಡಿದದ್ದು ಇದನ್ನೇ. ಆದರೆ ಅಮೆರಿಕದ ವಶದಲ್ಲಿದ್ದ ಚೀನೀ ಕೈದಿಗಳಲ್ಲಿ ಅನೇಕರು ಮೊದಲು ಚಿಯಾಂಗ್ ಸೇನೆಯಲ್ಲಿದ್ದವರು. ಕೊರಿಯನ್ನರಲ್ಲಿ ಕೆಲವರು ಉತ್ತರದ ಸೇನೆ ಬಲವಂತವಾಗಿ ಸೇರಿಸಿಕೊಂಡ ದಕ್ಷಿಣದವರು. ಒಲ್ಲದವರನ್ನು ಕಳಿಸುವುದಿಲ್ಲ ಎಂದು ಟ್ರೂಮನ್ ಪಟ್ಟು ಹಿಡಿದರು. ಎರಡನೇ ಮಹಾಯುದ್ಧದ ಬಳಿಕ ಬಲವಂತವಾಗಿ ಸ್ಟಾಲಿನ್ ಕೈಗೆ ಒಪ್ಪಿಸಿದವರ ಗತಿ ಅವರ ಕಣ್ಣೆದುರಿಗಿತ್ತು. ಪ್ರಚಾರದ ಲಾಭವೂ ಲೆಕ್ಕದಲ್ಲಿತ್ತು: ಕಮ್ಯುನಿಸ್ಟ್ ಸೈನಿಕರೇ ಕಮ್ಯುನಿಸ್ಟ್ ದೇಶಕ್ಕೆ ಮರಳಲು ಒಲ್ಲೆ ಎಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮೊದಲು ಸುಮಾರು 1,32,000 ಕೈದಿಗಳ ಪಟ್ಟಿ ಕೊಟ್ಟಿದ್ದ ಅಮೆರಿಕ, 1952ರ ಏಪ್ರಿಲ್‌ನಲ್ಲಿ ಮರಳಲು ಸಿದ್ಧರಿರುವವರು ಸುಮಾರು 70,000 ಮಾತ್ರ ಎಂದಿತು. ಮಾತುಕತೆ ಅಲ್ಲಿಗೆ ಕೆಟ್ಟಿತು.

ಗಂಟು ಬಿಡಿಸುವ ದಾರಿ ಭಾರತದಿಂದ ಬಂತು. ವಿ.ಕೆ. ಕೃಷ್ಣ ಮೆನನ್ ರೂಪಿಸಿದ ನಿರ್ಣಯವನ್ನು 1952ರ ಡಿಸೆಂಬರ್ 3ರಂದು ಸಾಮಾನ್ಯ ಸಭೆ 54–5 ಮತಗಳಿಂದ ಒಪ್ಪಿತು. ಮರಳಲು ಒಲ್ಲದವರನ್ನು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸಬೇಕು ಎಂಬುದು ಅದರ ತಿರುಳು. ಸೋವಿಯತ್ ಬಣ ಆಗ ವಿರೋಧಿಸಿತು. 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ಬದಲಾಯಿತು. ಜೂನ್ 8ರಂದು ಹೆಚ್ಚುಕಡಿಮೆ ಅದೇ ಸೂತ್ರಕ್ಕೆ ಎರಡೂ ಕಡೆಯವರು ಒಪ್ಪಿದರು. ಹತ್ತು ದಿನದ ಬಳಿಕ ಒಪ್ಪಂದವನ್ನೇ ಕೆಡಿಸಲು ಸಿಂಗ್‌ಮನ್ ರೀ ತಮ್ಮ ಕಾವಲಿನಲ್ಲಿದ್ದ ಸುಮಾರು 27,000 ಕೈದಿಗಳನ್ನು ಬಾಗಿಲು ತೆರೆದು ಬಿಟ್ಟುಬಿಟ್ಟರು. ಆದರೂ ಜುಲೈನಲ್ಲಿ ಸಹಿಯಾಯಿತು.

ಐದು ತಟಸ್ಥ ದೇಶಗಳ ಆ ಆಯೋಗದ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಹೊಣೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರದು. ಭಾರತೀಯ ಸೈನಿಕರು ತನ್ನ ನೆಲ ತುಳಿಯಕೂಡದು ಎಂದು ರೀ ಹಟ ಹಿಡಿದದ್ದರಿಂದ ಅವರನ್ನು ಇಂಚಾನ್‌ನಿಂದ ಹೆಲಿಕಾಪ್ಟರ್‌ಗಳಲ್ಲಿ ನೇರ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು.

ಕಾಗದದ ಮೇಲೆ ಕ್ರಮ ಚೆನ್ನಾಗಿತ್ತು. ಕೈದಿಯ ದೇಶದ ಅಧಿಕಾರಿಗಳು 90 ದಿನದೊಳಗೆ ಒಬ್ಬೊಬ್ಬರಿಗೂ ವಿವರಿಸಿ ಮನವೊಲಿಸಬಹುದು, ನಿರ್ಧಾರ ಕೈದಿಯದು. ಒಲ್ಲದೆ ಉಳಿದವರ ಗತಿಯನ್ನು ರಾಜಕೀಯ ಸಮ್ಮೇಳನ 30 ದಿನದಲ್ಲಿ ತೀರ್ಮಾನಿಸಬೇಕು. ನಡೆದದ್ದು ಬೇರೆ. ಸುಮಾರು 22,600 ಕೈದಿಗಳಿದ್ದ ಆವರಣಗಳ ಒಳಗೆ ಕಮ್ಯುನಿಸ್ಟ್ ವಿರೋಧಿ ಮುಖಂಡರದೇ ದರ್ಬಾರು. ಮರಳುತ್ತೇನೆ ಎನ್ನುವವನಿಗೆ ಪ್ರಾಣಭಯ. ಹಲವು ಆವರಣಗಳವರು ಹೊರಗೇ ಬರಲಿಲ್ಲ. ಬಂದವರಲ್ಲಿ ಒಬ್ಬೊಬ್ಬನನ್ನೂ ಕಮ್ಯುನಿಸ್ಟ್ ಅಧಿಕಾರಿಗಳು ತಾಸುಗಟ್ಟಲೆ ಕೂರಿಸಿಕೊಂಡರು. ಗುಂಡು ಹಾರಿಸಿಯಾದರೂ ಹೊರಗೆ ತರಬೇಕೆಂಬ ಒತ್ತಡಕ್ಕೆ ತಿಮ್ಮಯ್ಯ ಮಣಿಯಲಿಲ್ಲ. ಡಿಸೆಂಬರ್ 23ಕ್ಕೆ ಅವಧಿ ಮುಗಿಯಿತು, ಸಮ್ಮೇಳನದ ಸುಳಿವೇ ಇರಲಿಲ್ಲ. ಅವರನ್ನು ನಾಗರಿಕರೆಂದು ಘೋಷಿಸುವ ಅಧಿಕಾರ ತನಗಿಲ್ಲ ಎಂದು ತಿಮ್ಮಯ್ಯ 1954ರ ಜನವರಿ 20ರಿಂದ ಉಳಿದವರನ್ನು ಮೊದಲು ಹಿಡಿದಿಟ್ಟಿದ್ದ ಕಡೆಗೇ ಮರಳಿಸಿದರು. ಚೀನೀಯರಲ್ಲಿ 14,000ಕ್ಕೂ ಹೆಚ್ಚು ಮಂದಿ ತೈವಾನಿಗೆ ಹೋದರು. ಎರಡೂ ಕಡೆ ಬೇಡ ಎಂದ 88 ಮಂದಿ ಭಾರತೀಯ ಪಡೆಯ ಜೊತೆ ಮದ್ರಾಸಿಗೆ ಬಂದಿಳಿದರು.

ಎರಡೂ ಬಣಗಳು ತಿಮ್ಮಯ್ಯನವರ ಮೇಲೆ ಪಕ್ಷಪಾತದ ಆರೋಪ ಹೊರಿಸಿದವು. ತಟಸ್ಥರಿಗೆ ಸಿಗುವ ಪ್ರಮಾಣಪತ್ರ ಬಹುಶಃ ಅದೇ.

ಕದನವಿರಾಮದಲ್ಲಿ ಇರುವುದೇನು, ಇಲ್ಲದಿರುವುದೇನು

ಒಪ್ಪಂದದಲ್ಲಿ 63 ಕಲಮುಗಳಿವೆ. ಬೆಳಿಗ್ಗೆ 10ಕ್ಕೆ, ಮಾತುಕತೆ ನಡೆದಿದ್ದ ಪಾನ್‌ಮುನ್‌ಜೊಮ್‌ನಲ್ಲಿ ಸಹಿ, ರಾತ್ರಿ 10ಕ್ಕೆ ಜಾರಿ. ಆ ಹನ್ನೆರಡು ತಾಸೂ ಫಿರಂಗಿಗಳು ಸುಮ್ಮನಾಗಿರಲಿಲ್ಲ. ನಂತರ 72 ತಾಸಿನೊಳಗೆ ಎರಡೂ ಸೇನೆಗಳು ನಡುಗೆರೆಯಿಂದ ತಲಾ ಎರಡು ಕಿಲೋಮೀಟರ್ ಹಿಂದೆ ಸರಿಯಬೇಕು. ಹೀಗೆ ಹುಟ್ಟಿದ್ದು ಸುಮಾರು 250 ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲದ ಸೇನಾರಹಿತ ವಲಯ. ಅದು 38ನೇ ಅಕ್ಷಾಂಶದ ಮೇಲಿಲ್ಲ. ಸೇನೆಗಳು ಅಂದು ನಿಂತಿದ್ದ ಜಾಗದ ಮೇಲೆ ಓರೆಯಾಗಿ ಹಾದುಹೋಗುತ್ತದೆ.

ಆಸ್ತಿ ದಾವೆಯಲ್ಲಿ ಕೋರ್ಟು ಕೊಡುವ ಯಥಾಸ್ಥಿತಿ ಆದೇಶಕ್ಕೆ ಇದನ್ನು ಹೋಲಿಸಬಹುದು. ಯಾರು ಎಲ್ಲಿದ್ದಾರೋ ಅಲ್ಲೇ ಇರಲಿ ಎನ್ನುತ್ತದೆ, ಜಮೀನು ಯಾರದು ಎನ್ನುವುದಿಲ್ಲ. 60ನೇ ಕಲಮು ಮೂರು ತಿಂಗಳೊಳಗೆ ರಾಜಕೀಯ ಸಮ್ಮೇಳನ ನಡೆಸಿ ವಿದೇಶಿ ಸೇನೆಗಳ ವಾಪಸಾತಿ ಮತ್ತು ಕೊರಿಯಾ ಪ್ರಶ್ನೆಯನ್ನು ಬಗೆಹರಿಸಲು ಶಿಫಾರಸು ಮಾಡಿತು. 1954ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಿನೀವಾದಲ್ಲಿ ಸಭೆ ಸೇರಿ ಬರಿಗೈಯಲ್ಲಿ ಎದ್ದರು. 62ನೇ ಕಲಮು, ಬೇರೆ ರಾಜಕೀಯ ಒಪ್ಪಂದ ಇದರ ಜಾಗ ತುಂಬುವವರೆಗೂ ಇದೇ ಜಾರಿಯಲ್ಲಿರುತ್ತದೆ ಎನ್ನುತ್ತದೆ. 2013ರಲ್ಲಿ ಉತ್ತರ ಕೊರಿಯಾ 'ಕದನವಿರಾಮ ರದ್ದು' ಎಂದಾಗ ವಿಶ್ವಸಂಸ್ಥೆ, ಏಕಪಕ್ಷೀಯವಾಗಿ ರದ್ದು ಮಾಡಲಾಗದು ಎಂದದ್ದು ಇದೇ ಆಧಾರದ ಮೇಲೆ.

ಆದರೆ ಮುರಿದವರು ಉತ್ತರದವರು ಮಾತ್ರ ಎನ್ನುವುದು ಅರ್ಧಸತ್ಯ. ಹೊಸ ಬಗೆಯ ಶಸ್ತ್ರಾಸ್ತ್ರ ತರಬಾರದು, ಹಳೆಯದು ಕೆಟ್ಟರೆ ಒಂದಕ್ಕೆ ಒಂದು ಮಾತ್ರ ಬದಲಿಸಬಹುದು ಎಂಬ ನಿಯಮವಿತ್ತು. ಉತ್ತರವೇ ಅದನ್ನು ಪಾಲಿಸುತ್ತಿಲ್ಲ ಎಂಬ ಕಾರಣ ಕೊಟ್ಟು ಅಮೆರಿಕ 1957ರ ಜೂನ್‌ನಲ್ಲಿ ಆ ಕಲಮನ್ನು ಕೈಬಿಟ್ಟಿತು. 1958ರಲ್ಲಿ ದಕ್ಷಿಣಕ್ಕೆ ಅಣ್ವಸ್ತ್ರ ತಂದಿತು. 1991ರವರೆಗೆ ಅವು ಅಲ್ಲಿದ್ದವು. ಉಲ್ಲಂಘನೆಯನ್ನು ವಿಚಾರಿಸಬೇಕಿದ್ದ ಜಂಟಿ ಸೇನಾ ಆಯೋಗಕ್ಕೆ ವಿಶ್ವಸಂಸ್ಥೆ ಕಮಾಂಡ್ 1991ರಲ್ಲಿ ದಕ್ಷಿಣ ಕೊರಿಯಾದ ಜನರಲ್ ಒಬ್ಬರನ್ನು ತನ್ನ ಮುಖ್ಯ ಪ್ರತಿನಿಧಿಯಾಗಿ ನೇಮಿಸಿದಾಗ ಉತ್ತರ ಸಭೆಗೆ ಬರುವುದನ್ನೇ ನಿಲ್ಲಿಸಿತು. ದೂರು ಕೇಳುವವರೇ ಇಲ್ಲದ ಒಪ್ಪಂದವಾಗಿ ಅದು ಉಳಿಯಿತು.

ಸಹಿ ಹಾಕಬೇಕಾದವರು ಯಾರು?

ಶಾಂತಿ ಒಪ್ಪಂದದ ಮೊದಲ ತೊಡಕು ಇದು. 1953ರ ಕಾಗದಕ್ಕೆ ಸಹಿ ಹಾಕಿದ್ದು ದೇಶಗಳಲ್ಲ, ಸೇನಾಪತಿಗಳು: ವಿಶ್ವಸಂಸ್ಥೆ ಕಮಾಂಡ್ ಪರವಾಗಿ ಮಾರ್ಕ್ ಕ್ಲಾರ್ಕ್, ಉತ್ತರದ ಸೇನೆಗೆ ಕಿಮ್ ಇಲ್ ಸುಂಗ್, ಚೀನಾದ 'ಸ್ವಯಂಸೇವಕರ' ಪಡೆಗೆ ಪೆಂಗ್ ದೆಹುವೈ. ಅಮೆರಿಕದೊಂದಿಗೆ ನೇರ ಯುದ್ಧದಲ್ಲಿಲ್ಲ ಎಂದು ತೋರಿಸಲು ಚೀನಾ ಇಟ್ಟುಕೊಂಡ ಹೆಸರದು. ಏಕೀಕರಣವಾಗದೆ ಯುದ್ಧ ನಿಲ್ಲಬಾರದು ಎಂದು ರೀ ಸಹಿಯನ್ನೇ ಹಾಕಲಿಲ್ಲ. ಅಡ್ಡಿಪಡಿಸದೆ ಇದ್ದುದಕ್ಕೆ ಅವರು ಪಡೆದ ಬೆಲೆ 1953ರ ಅಕ್ಟೋಬರ್ 1ರಂದು ಅಮೆರಿಕದೊಂದಿಗಾದ ರಕ್ಷಣಾ ಒಪ್ಪಂದ. ಅಲ್ಲಿ ಈಗಲೂ ಇರುವ ಸುಮಾರು 28,500 ಅಮೆರಿಕನ್ ಸೈನಿಕರ ಆಧಾರ ಅದೇ, ಕದನವಿರಾಮವಲ್ಲ.

ನೀನು ಸಹಿಯನ್ನೇ ಹಾಕದವನು ಎಂದು ದಕ್ಷಿಣವನ್ನು ಬದಿಗಿಟ್ಟು ಅಮೆರಿಕದೊಂದಿಗೆ ನೇರ ಶಾಂತಿ ಒಪ್ಪಂದವನ್ನು ಉತ್ತರ 1974ರಿಂದ ಕೇಳಿತು. ಗುರಿ ಸ್ಪಷ್ಟ: ಶಾಂತಿ ಬಂದ ಮೇಲೆ ಅಮೆರಿಕದ ಸೇನೆಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಸೋಲ್ ಮತ್ತು ವಾಷಿಂಗ್ಟನ್ ಹಿಂಜರಿಯುವುದೂ ಅದಕ್ಕೇ. ಮೊದಲು ಅಣ್ವಸ್ತ್ರ ಬಿಡಿ, ಆಮೇಲೆ ಶಾಂತಿ ಎನ್ನುತ್ತದೆ ಅಮೆರಿಕ. ಶಾಂತಿಯೇ ಇಲ್ಲದೆ ಅಣ್ವಸ್ತ್ರ ಬಿಟ್ಟು ಸಾಯಲೇ ಎನ್ನುತ್ತದೆ ಉತ್ತರ. 2007 ಮತ್ತು 2018ರ ಉಭಯ ಕೊರಿಯಾ ಘೋಷಣೆಗಳಲ್ಲಿ ಯುದ್ಧ ಮುಗಿಸಲು 'ಮೂರು ಅಥವಾ ನಾಲ್ಕು' ಪಕ್ಷಗಳು ಸೇರಬೇಕು ಎಂದು ಬರೆದರು. ಚೀನಾ ಬೇಕೋ ಬೇಡವೋ ಎಂಬುದು ಅಲ್ಲೂ ಇತ್ಯರ್ಥವಾಗಲಿಲ್ಲ. 2019ರ ಫೆಬ್ರುವರಿಯಲ್ಲಿ ಹನೋಯ್‌ನಲ್ಲಿ ಟ್ರಂಪ್ ಮತ್ತು ಕಿಮ್ ಭೇಟಿ ಮುರಿದುಬಿದ್ದಾಗ ಆ ಬಾಗಿಲೂ ಮುಚ್ಚಿತು.

'ಎರಡು ದೇಶ' ಎಂದರೆ ಒಳ್ಳೆಯದಲ್ಲವೇ?

ಮೇಲ್ನೋಟಕ್ಕೆ ಹೌದೆನಿಸುತ್ತದೆ. ಒಂದಾಗುವ ಹಟ ಬಿಟ್ಟು ಬೇರೆಬೇರೆಯಾಗಿ ಬದುಕುವುದರಲ್ಲಿ ತಪ್ಪೇನು ಎಂಬ ವಾದ ದಕ್ಷಿಣದಲ್ಲೂ ಇದೆ. ಆದರೆ ದಕ್ಷಿಣದ ಸಂವಿಧಾನದ ಮೂರನೇ ವಿಧಿ ಇಡೀ ಪರ್ಯಾಯ ದ್ವೀಪವನ್ನು ತನ್ನ ಭೂಪ್ರದೇಶ ಎನ್ನುತ್ತದೆ. ಉತ್ತರದಿಂದ ತಪ್ಪಿಸಿಕೊಂಡು ಬಂದವರು ಅಲ್ಲಿ ಸಹಜವಾಗಿ ನಾಗರಿಕರಾಗುವುದು ಇದೇ ತರ್ಕದಿಂದ. ಉತ್ತರವನ್ನು ಪರದೇಶವೆಂದು ಒಪ್ಪಿದರೆ ಆ ತರ್ಕ ಕುಸಿಯುತ್ತದೆ. ಉತ್ತರಕ್ಕೆ ಅನುಕೂಲವಿದೆ: ದಕ್ಷಿಣ ಬೇರೆ ದೇಶವಾದರೆ ಅಣ್ವಸ್ತ್ರ ತೋರಿಸುತ್ತಿರುವುದು ಸ್ವಂತ ಜನರಿಗೆ ಎಂಬ ಇರುಸುಮುರುಸು ಇರುವುದಿಲ್ಲ. ದಕ್ಷಿಣದ ಸಿನಿಮಾ, ಧಾರಾವಾಹಿಗಳನ್ನು ಶತ್ರುದೇಶದ ಸರಕೆಂದು ದಂಡಿಸುವುದೂ ಸಲೀಸು.

ನಿಜವಾದ ಅಪಾಯ ಇರುವುದು ಗಡಿಯಲ್ಲಿ. ಇಡೀ ನೆಲ ತನ್ನದೇ ಎಂದು ಇಬ್ಬರೂ ಹೇಳುತ್ತಿದ್ದಾಗ ನಡುವಿನ ಗೆರೆ ತಾತ್ಕಾಲಿಕ. ಅದು ಅಸ್ಪಷ್ಟವಾಗಿದ್ದರೂ ನಡೆಯುತ್ತಿತ್ತು. ಎರಡು ದೇಶ ಎಂದೊಡನೆ ಗಡಿ ಎಲ್ಲಿ ಎಂದು ಖಚಿತವಾಗಿ ಹೇಳಲೇಬೇಕು. ನೆಲದ ಮೇಲೆ 1953ರಲ್ಲಿ ಸುಮಾರು 1,300 ಫಲಕಗಳನ್ನು ನೆಟ್ಟಿದ್ದರು. ಅವುಗಳಲ್ಲಿ ಎಷ್ಟೋ ಈಗಿಲ್ಲ, ಸುತ್ತ ಕಾಡು ಬೆಳೆದಿದೆ. 2024ರಿಂದ ಅಲ್ಲಿ ಗೋಡೆ, ನೆಲಬಾಂಬಿನ ಕೆಲಸ ಮಾಡುವ ಉತ್ತರದ ಸೈನಿಕರು ಮತ್ತೆಮತ್ತೆ ಗೆರೆ ದಾಟಿದ್ದಾರೆ, ದಕ್ಷಿಣದವರು ಎಚ್ಚರಿಕೆಯ ಗುಂಡು ಹಾರಿಸಿದ್ದಾರೆ. ಗೆರೆ ಎಲ್ಲಿದೆಯೆಂದು ಕೂತು ಸ್ಪಷ್ಟಪಡಿಸಿಕೊಳ್ಳೋಣ ಎಂದು ದಕ್ಷಿಣ 2025ರ ನವೆಂಬರ್‌ನಲ್ಲಿ ಸೇನಾ ಮಾತುಕತೆಗೆ ಕರೆಯಬೇಕಾಗಿ ಬಂತು. ಇಂಥ ಮುಖಾಮುಖಿಗಳು ಕೈಮೀರದಂತೆ ತಡೆಯಲು ಮಾಡಿಕೊಂಡಿದ್ದ 2018ರ ಸೇನಾ ಒಪ್ಪಂದವನ್ನು ಉತ್ತರ 2023ರ ನವೆಂಬರ್‌ನಲ್ಲಿ ಕೈಬಿಟ್ಟಿತು, ದಕ್ಷಿಣ 2024ರ ಜೂನ್‌ನಲ್ಲಿ ಪೂರ್ತಿ ಅಮಾನತಿನಲ್ಲಿಟ್ಟಿತು. 2025ರ ಜೂನ್‌ನಲ್ಲಿ ಅಧಿಕಾರಕ್ಕೆ ಬಂದ ದಕ್ಷಿಣದ ಲೀ ಜೇ ಮ್ಯುಂಗ್ ಸರ್ಕಾರ ಅದನ್ನು ಮತ್ತೆ ಜೀವಂತಗೊಳಿಸುವ ಮಾತಾಡಿದೆ.

ಪಶ್ಚಿಮದ ಸಮುದ್ರದಲ್ಲಂತೂ 1953ರಲ್ಲಿ ಗೆರೆಯನ್ನೇ ಎಳೆದಿರಲಿಲ್ಲ. ಕರಾವಳಿಯಿಂದ ಮೂರು ನಾಟಿಕಲ್ ಮೈಲಿಯೋ ಹನ್ನೆರಡೋ ಎಂಬ ಜಗಳ ಹರಿಯದೆ ಕಾಗದದಲ್ಲಿ ಖಾಲಿ ಬಿಟ್ಟರು. ಬೇಂಗ್ನ್ಯೊಂಗ್, ಯೊನ್‌ಪ್ಯೊಂಗ್ ಸೇರಿದಂತೆ ಐದು ದ್ವೀಪ ಗುಂಪುಗಳು ಮಾತ್ರ ವಿಶ್ವಸಂಸ್ಥೆ ಕಮಾಂಡ್ ವಶದಲ್ಲಿರಲಿ ಎಂದರು. ಅವು ಇರುವುದು ಉತ್ತರದ ಕರಾವಳಿಗೆ ತೀರಾ ಹತ್ತಿರ. ಕೆಲವೇ ವಾರಗಳಲ್ಲಿ ಕ್ಲಾರ್ಕ್, ತಮ್ಮ ಕಡೆಯ ಹಡಗುಗಳು ಅದನ್ನು ಮೀರಿ ಉತ್ತರಕ್ಕೆ ಹೋಗದಿರಲಿ ಎಂದು ಒಂದು ಗೆರೆ ಎಳೆದರು. ಅದೇ ಕ್ರಮೇಣ ದಕ್ಷಿಣದ ಪಾಲಿಗೆ ಗಡಿಯಾಯಿತು. ಉತ್ತರ ಅದನ್ನು ಎಂದೂ ಒಪ್ಪಿ ಸಹಿ ಹಾಕಿಲ್ಲ. ಏಡಿ ಹಿಡಿಯುವ ಋತುವಿನಲ್ಲಿ ದೋಣಿಗಳು ಗೆರೆಯತ್ತ ಸರಿಯುತ್ತವೆ, ಹಿಂದೆಯೇ ಗಸ್ತು ನೌಕೆಗಳು ಬರುತ್ತವೆ. 1999 ಮತ್ತು 2002ರಲ್ಲಿ ಆ ನೀರಿನಲ್ಲಿ ನೌಕಾ ಕದನಗಳಾದವು. 2010ರ ಮಾರ್ಚ್‌ನಲ್ಲಿ ದಕ್ಷಿಣದ ಚೊನಾನ್ ಯುದ್ಧನೌಕೆ ಮುಳುಗಿ 46 ನಾವಿಕರು ಸತ್ತರು, ನವೆಂಬರ್‌ನಲ್ಲಿ ಯೊನ್‌ಪ್ಯೊಂಗ್ ಮೇಲೆ ಉತ್ತರದ ಶೆಲ್‌ಗಳು ಬಿದ್ದವು.

2024ರ ಜನವರಿಯ ಅದೇ ಭಾಷಣದಲ್ಲಿ ಕಿಮ್, ಈ ಗೆರೆಯನ್ನು ಒಪ್ಪುವುದಿಲ್ಲ ಎಂದು ಒತ್ತಿ ಹೇಳಿದ್ದಾರೆ. ತಮ್ಮ ಗಡಿಯನ್ನು ಅವರು ಈ ನೀರಿನಲ್ಲಿ ಒಂದೆರಡು ಮೈಲಿ ಕೆಳಗೆ ಬರೆದುಕೊಂಡರೂ ಸಾಕು, ದಕ್ಷಿಣದ ಮಾಮೂಲಿ ಗಸ್ತು ನೌಕೆ ಅವರ ಲೆಕ್ಕದಲ್ಲಿ ದಾಳಿಕೋರ ನೌಕೆ ಆಗಿಬಿಡುತ್ತದೆ. ರಷ್ಯಾ ಜೊತೆಗಿನ ಒಪ್ಪಂದದ ನಾಲ್ಕನೇ ವಿಧಿ ಜಾರಿಗೆ ಬರುವುದು ಒಂದು ದೇಶದ ಮೇಲೆ ಸಶಸ್ತ್ರ ಆಕ್ರಮಣವಾದಾಗ. ಆಕ್ರಮಣ ಯಾವುದು ಎಂದು ತೀರ್ಮಾನಿಸಲು ಗಡಿ ಗೊತ್ತಿರಬೇಕು. ಕೊರಿಯಾ ಸುದ್ದಿಗಳಲ್ಲಿ ಕ್ಷಿಪಣಿ ಪರೀಕ್ಷೆಗಳಿಗಿಂತ ಹೆಚ್ಚು ಗಮನಿಸಬೇಕಾದದ್ದು ಉತ್ತರದ ಸಂವಿಧಾನ ತನ್ನ ದಕ್ಷಿಣದ ಗಡಿಯನ್ನು, ಅದರಲ್ಲೂ ಈ ಸಮುದ್ರದಲ್ಲಿ, ಎಲ್ಲಿ ಗುರುತಿಸುತ್ತದೆ ಎಂಬುದನ್ನು.